ಮೈಲು ಕೂಡಿಸಿ ಮಲಗಿದ್ದು

ರೈಸ್ ಮಿಲ್ಲುಗಳಲ್ಲಿ ಕಲರ್ ಸಾರ್ಟರ್ ಕೂರಿಸುವುದು ನನ್ನ ಕೆಲಸ. ಅಕ್ಕಿ ಮೇಲಿನಿಂದ ಸುರಿಯುವಾಗ ಒಂದೊಂದು ಕಾಳನ್ನೂ ಕ್ಯಾಮೆರಾದಲ್ಲಿ ನೋಡಿ, ಕಪ್ಪಗಿದ್ದದ್ದನ್ನು, ಹಳದಿ ಆದದ್ದನ್ನು ಗಾಳಿ ಊದಿ ಆಚೆ ತಳ್ಳುವ ಯಂತ್ರ ಅದು. ನನ್ನ ಓರಗೆಯವರೆಲ್ಲ ಸಂಡೂರಿನ ಗಣಿಗೋ, ಕುರೆಕುಪ್ಪದ ಕಡೆಯ ಉಕ್ಕಿನ ಕಾರ್ಖಾನೆಗೋ ಹೋದಾಗ ನಾನು ಹದಿನೆಂಟನೇ ವಯಸ್ಸಿಗೆ ಕಂಪ್ಲಿಯ ಒಂದು ರೈಸ್ ಮಿಲ್ಲಿಗೆ ಸೇರಿದೆ. ಬೆಲ್ಟು ಹರಿದರೆ ಹೊಲಿಯುವುದು, ಬೇರಿಂಗಿಗೆ ಗ್ರೀಸು ತುಂಬುವುದು ಅಲ್ಲಿ ಕಲಿತ ವಿದ್ಯೆ. ಹತ್ತು ವರ್ಷದ ಮೇಲೆ ಯಂತ್ರ ಮಾಡುವ ಕಂಪನಿಯವರೇ ನನ್ನನ್ನು ಕರೆದುಕೊಂಡರು. ಅಲ್ಲಿಂದ ಶುರುವಾಯಿತು ವಿಮಾನದ ಓಡಾಟ. ಅಕ್ಕಿ ಎಲ್ಲೆಲ್ಲಿ ಬೆಳೆಯುತ್ತಾರೋ ಅಲ್ಲೆಲ್ಲ ನಮ್ಮ ಯಂತ್ರ ಕೆಡುತ್ತದೆ. ಘಾನಾ, ನೈಜೀರಿಯಾ, ಫಿಲಿಪೈನ್ಸ್, ವಿಯೆಟ್ನಾಂ ಎಲ್ಲ ಕಡೆ ಹೋದೆ.

ಹೋಗಿದ್ದೆಲ್ಲ ಹಿಂದಿನ ಸೀಟಿನಲ್ಲಿ. ಕಂಪನಿ ಕೊಡುವ ಟಿಕೆಟ್ಟಿಗೆ ಶೌಚಾಲಯದ ಗೋಡೆಗೆ ಒರಗಿದ ಸೀಟೇ ಸಿಗುತ್ತಿತ್ತು. ಅದು ಹಿಂದಕ್ಕೆ ಬಾಗುವುದಿಲ್ಲ. ಹತ್ತು ತಾಸು, ಹನ್ನೆರಡು ತಾಸು ನೆಟ್ಟಗೆ ಕೂತು, ಇಳಿದ ಮೇಲೆ ಸೀದಾ ಮಿಲ್ಲಿಗೆ ಹೋಗಿ ಯಂತ್ರದ ಕೆಳಗೆ ತೂರಿಕೊಂಡಾಗ, ಸಿಮೆಂಟಿನ ನೆಲದ ಮೇಲೆ ಬೆನ್ನು ಚಾಚಿದ್ದೇ ಸುಖ ಅನಿಸುತ್ತಿತ್ತು. ವಿಮಾನ ಹತ್ತುವಾಗ ಮುಂದಿನ ಭಾಗ ದಾಟಿಯೇ ಹೋಗಬೇಕಲ್ಲ, ಅಲ್ಲಿ ಕಾಲು ಚಾಚಿ ಕೂತವರನ್ನು ನೋಡಿಯೂ ನೋಡದಂತೆ ಚೀಲ ಎತ್ತಿಕೊಂಡು ಹಿಂದೆ ನಡೆಯುತ್ತಿದ್ದೆ. ಅವರು ಬೇರೆ ಜಾತಿಯ ಮನುಷ್ಯರು ಎಂದುಕೊಂಡಿದ್ದೆ.

ಹಾಗಲ್ಲ ಎಂದು ತಿಳಿದದ್ದು ಹಂಪಿಯಲ್ಲಿ. ನನ್ನ ಅಕ್ಕನ ಗಂಡ ಅಲ್ಲಿ ಬಾಳೆತೋಟದ ಪಕ್ಕ ಐದು ಕೋಣೆಯ ಗೆಸ್ಟ್ ಹೌಸ್ ನಡೆಸುತ್ತಾನೆ. ಒಂದು ಭಾನುವಾರ ಊಟಕ್ಕೆ ಹೋದಾಗ, ಅಲ್ಲಿ ಇಳಿದುಕೊಂಡಿದ್ದ ಒಬ್ಬ ವಿದೇಶಿ ಹೆಂಗಸು, ಕೆಲಸದಿಂದ ನಿವೃತ್ತಳಾದ ಶಾಲೆಯ ಟೀಚರು, ನನ್ನ ಕೆಲಸದ ಬಗ್ಗೆ ಕೇಳಿದಳು. ಎಲ್ಲೆಲ್ಲಿ ಹೋಗಿದ್ದೇನೆಂದು ಹೇಳಿದೆ. "ಹಾಗಾದರೆ ನಿಮ್ಮ ಹತ್ತಿರ ಬಹಳ ಮೈಲು ಇರಬೇಕು" ಎಂದಳು. ಯಾವ ಮೈಲು ಎಂದು ಕೇಳಿದೆ. ಅವಳು ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ವಿಮಾನ ಕಂಪನಿಗಳು ಹಾರಿದ ದೂರಕ್ಕೆಲ್ಲ ಲೆಕ್ಕ ಇಡುತ್ತವೆ, ಒಂದು ನಂಬರು ತೆಗೆದುಕೊಂಡು ಪ್ರತಿ ಟಿಕೆಟ್ಟಿಗೂ ಅದನ್ನು ಕೊಟ್ಟರೆ ಆ ಮೈಲುಗಳು ನಮ್ಮವೇ, ಅವನ್ನು ಕೊಟ್ಟು ಮುಂದಿನ ಸೀಟಿಗೆ ಹೋಗಬಹುದು ಎಂದು ವಿವರಿಸಿದಳು. ತಾನು ಮಲಗಿಕೊಂಡೇ ಬಂದದ್ದು ಎಂದೂ ಹೇಳಿದಳು. ಆ ಹೆಂಗಸಿನ ಚಪ್ಪಲಿ ಹರಿದು ದಾರದಿಂದ ಕಟ್ಟಿತ್ತು.

ಭಾವ ತಟ್ಟೆಗೆ ಅನ್ನ ಬಡಿಸುತ್ತ, "ಏನಪಾ, ಇಷ್ಟು ವರ್ಷ ಪುಕ್ಕಟೆ ಬಂದದ್ದನ್ನ ಗಾಳಿಗೆ ಬಿಟ್ಟಿಯಲ್ಲೋ!" ಎಂದ.

ಮನೆಗೆ ಬಂದವನೇ ಹೊಸಪೇಟೆಯ ಕಾಲೇಜಿನಲ್ಲಿ ಓದುತ್ತಿದ್ದ ಮಗಳಿಗೆ ಹೇಳಿದೆ. ನನ್ನ ಹಳೆಯ ಸರ್ವೀಸ್ ಡೈರಿಗಳಲ್ಲಿ ಗುರುತಿಗೆಂದು ಇಟ್ಟಿದ್ದ ಬೋರ್ಡಿಂಗ್ ಪಾಸುಗಳನ್ನೆಲ್ಲ ಅವಳು ಹೆಕ್ಕಿ ತೆಗೆದಳು. ಆರು ತಿಂಗಳಿಗಿಂತ ಹಳೆಯದ್ದು ನಡೆಯುವುದಿಲ್ಲ ಎಂದು ಗೊತ್ತಾಯಿತು. ಒಂದು ರಾಶಿಯಲ್ಲಿ ಮೂರು ಮಾತ್ರ ಉಳಿದವು. ಅದರ ಮೇಲೆ ಮೈಲು ಕೂಡಿಸಲು ಶುರು ಮಾಡಿದೆವು. ನನ್ನ ಹೆಂಡತಿಗೆ ಇದೆಲ್ಲ ತಮಾಷೆ.

"ಮಲ್ಕೊಳ್ಳಾಕ ವಿಮಾನದಾಗ ಹೋಗಬೇಕೇನ್ರಿ? ಮನ್ಯಾಗ ಮಂಚ ಐತಲ್ಲ?" ಎಂದಳು.

"ಅದು ಹಾರಂಗಿಲ್ಲಲ್ಲ" ಎಂದೆ.

ಎರಡು ವರ್ಷ ಕಳೆದ ಮೇಲೆ ಒಮ್ಮೆ ಪ್ರಯತ್ನಿಸಿದೆ, ಆಗಲಿಲ್ಲ. ಟಿಕೆಟ್ಟಿನ ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದಂತೆ. ತೀರಾ ಅಗ್ಗದ ಟಿಕೆಟ್ಟಿನ ಅಕ್ಷರ ಇದ್ದರೆ ಎಷ್ಟು ಮೈಲು ಇದ್ದರೂ ಮುಂದೆ ಬಿಡುವುದಿಲ್ಲ. ನಮ್ಮ ಕಂಪನಿಯ ಟಿಕೆಟ್ಟುಗಳ ಅಕ್ಷರ ಯಾವಾಗಲೂ ಅದೇ. ಮಗಳು ಆ ಅಕ್ಷರಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿಬಿಟ್ಟಳು. ಬೆಂಗಳೂರಿನ ಆಫೀಸಿನಲ್ಲಿ ಟಿಕೆಟ್ ಮಾಡುವ ಹುಡುಗಿಗೆ, ಮುಂದಿನ ಸಲ ಸಾಧ್ಯವಾದರೆ ಬೇರೆ ಅಕ್ಷರದ ಟಿಕೆಟ್ ನೋಡಮ್ಮ ಎಂದು ಕೇಳಿಕೊಂಡೆ. ಅವಳು ನಕ್ಕು ಒಪ್ಪಿಕೊಂಡಳು.

ಅಂಥ ಟಿಕೆಟ್ ಸಿಕ್ಕಿದ್ದು ಮತ್ತೆರಡು ವರ್ಷದ ಮೇಲೆ, ಬ್ರೆಜಿಲ್ಲಿಗೆ. ನಮ್ಮ ಕಂಪನಿಯ ಹೊಸ ಮಾದರಿಯ ದೊಡ್ಡ ಯಂತ್ರವನ್ನು ಆ ದೇಶದ ದಕ್ಷಿಣದ ಭತ್ತದ ಸೀಮೆಯಲ್ಲಿ ಮೊದಲು ಕೂರಿಸುವುದಿತ್ತು. ಈ ಸುದ್ದಿ ಕಂಪ್ಲಿಗೂ ತಲುಪಿತು. ನಾನು ಹದಿನೆಂಟಕ್ಕೆ ಸೇರಿದ್ದ ಆ ಮಿಲ್ಲಿನ ಸಾಹುಕಾರರು ಅಂಥದೇ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಬಿಳಿ ಧೋತರ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಡಿಮೆ ಮಾತು. ಅವರ ಮಿಲ್ಲಿನಲ್ಲಿ ಇದ್ದಷ್ಟು ದಿನ ನಾನು ಅವರ ಎದುರು ನಿಂತೇ ಮಾತಾಡಿದ್ದೆ. ಒಮ್ಮೆ ಮಧ್ಯಾಹ್ನ ತೌಡಿನ ಚೀಲಗಳ ಮೇಲೆ ಕಣ್ಣು ಮುಚ್ಚಿದ್ದಾಗ, "ನಿದ್ದಿ ಮಾಡಾಕ ಬಂದೀಯೇನ್ಲೇ?" ಎಂದು ಅವರು ಗದರಿದ್ದು ಇವತ್ತಿಗೂ ಕಿವಿಯಲ್ಲಿದೆ.

ಅವರು ಫೋನು ಮಾಡಿ, "ಆ ಮಶೀನ್ ಓಡೋದು ನಾನು ಕಣ್ಣಿಲೆ ನೋಡಬೇಕು. ಪುಸ್ತಕದಾಗಿನ ಚಿತ್ರ ನೋಡಿ ಕೊಳ್ಳವ ನಾ ಅಲ್ಲ" ಎಂದರು.

"ಅದು ಭಾಳ ದೂರ ಐತ್ರಿ ಸಾವ್ಕಾರ್ರ. ಒಂದ ವಿಮಾನದಾಗ ಹದಿನೈದು ತಾಸು ಕುಂದ್ರಬೇಕಾಕ್ಕೈತಿ."

"ನೀ ಕುಂದ್ರಾಂಗಿಲ್ಲೇನು? ನಾನೂ ಕುಂದುರ್ತೀನಿ."

ಹೀಗೆ ಇಬ್ಬರೂ ಹೊರಟೆವು. ಬೇಕಾದರೆ ಅವರು ಮುಂದಿನ ಸೀಟನ್ನೇ ಕೊಂಡುಕೊಳ್ಳಬಹುದಿತ್ತು. ಕೂರುವುದಕ್ಕೆ ಅಷ್ಟು ಕೊಡುವುದು ಹುಚ್ಚು ಎಂಬುದು ಅವರ ತೀರ್ಮಾನ. ನನ್ನ ಪಕ್ಕದ ಸೀಟೇ ಬೇಕೆಂದರು. ನಾನು ಮೈಲು ಕೊಟ್ಟು ಅರ್ಜಿ ಹಾಕಿದ್ದನ್ನು ಅವರಿಗೆ ಹೇಳಿರಲಿಲ್ಲ. ಹಾಕಿದ್ದು ಅವರು ಬರುತ್ತಾರೆಂದು ಗೊತ್ತಾಗುವ ಮೊದಲು. ಅದು ವೇಟಿಂಗ್ ಲಿಸ್ಟಿನಲ್ಲಿತ್ತು, ಹೊರಡುವ ದಿನದವರೆಗೂ ಆಗಿರಲಿಲ್ಲ. ಆಗಲಿಕ್ಕಿಲ್ಲ ಬಿಡು ಎಂದುಕೊಂಡು ಮರೆತಿದ್ದೆ.

ಬೆಂಗಳೂರಿನಿಂದ ಕೊಲ್ಲಿ ದೇಶದವರೆಗಿನ ಮೊದಲ ವಿಮಾನದಲ್ಲಿ ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತೆವು. ನಾಲ್ಕು ತಾಸು ನಾನು ತೋಳು ಮಡಚಿ ಆದಷ್ಟು ಸಣ್ಣವನಾಗಿ ಕೂತಿದ್ದೆ. ನಡುವೆ ಕೈ ಇಡುವ ಪಟ್ಟಿ ಪೂರ್ತಿ ಅವರದೇ. ಅವರ ಸೊಸೆ ಹಾಕಿಸಿ ಕಳಿಸಿದ್ದ ಉಣ್ಣೆಯ ಕಾಲುಚೀಲ ಧೋತರದ ಕೆಳಗೆ ಕಾಣುತ್ತಿತ್ತು. ಗಂಟು ಬಿಚ್ಚಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ನನಗೂ ಕೊಟ್ಟರು. ಮಾತು ಹೆಚ್ಚಿಲ್ಲ.

ಎರಡನೇ ವಿಮಾನ ಬೆಳಗ್ಗೆ. ಬಾಗಿಲಲ್ಲಿ ಬೋರ್ಡಿಂಗ್ ಪಾಸನ್ನು ಯಂತ್ರದ ಮೇಲಿಟ್ಟೆ. ಅದು ಕೀಂ ಎಂದು ಕೂಗಿ ಕೆಂಪು ದೀಪ ಹತ್ತಿತು. ವೀಸಾದಲ್ಲೇನೋ ತಪ್ಪಾಗಿದೆ ಎಂದುಕೊಂಡೆ. ಅಲ್ಲಿದ್ದ ಹುಡುಗಿ ನಗುತ್ತ ಹೊಸ ಚೀಟಿಯೊಂದನ್ನು ಕೊಟ್ಟಳು. ನಿಮ್ಮ ಅಪ್‌ಗ್ರೇಡ್ ಆಗಿದೆ, ಬಿಸಿನೆಸ್ ಕ್ಲಾಸ್ ಎಂದಳು.

ನಾಲ್ಕು ವರ್ಷ ಕಾದದ್ದು ಆ ಚೀಟಿಗೆ. ಆದರೆ ಖುಷಿಪಡುವ ಮೊದಲೇ ಸಾಹುಕಾರರು ಕೈ ಚಾಚಿ ಅದನ್ನು ತೆಗೆದುಕೊಂಡು, ಕನ್ನಡಕ ಏರಿಸಿ ಓದಿದರು.

"ನಿಂದು ಏಳು. ನಂದು ನಲವತ್ತೊಂದು. ಇದೇನು?"

ಮೈಲಿನ ವಿಷಯವನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಹಿಂದಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು. "ನೀವು ಮುಂದ ಹೋಗ್ರಿ, ನಾ ಹಿಂದ ಇರ್ತೀನಿ" ಎಂದೆ. ಹುಡುಗಿಯನ್ನೂ ಕೇಳಿದೆ. ಈ ಹೊತ್ತಿನಲ್ಲಿ ಹೆಸರು ಬದಲಿಸಲಿಕ್ಕೆ ಆಗುವುದಿಲ್ಲ ಎಂದಳು.

ಸಾಹುಕಾರರು ಚೀಟಿ ವಾಪಸು ಕೊಟ್ಟರು. "ನಿನ್ನ ಮೈಲು ನೀ ತಿರುಗಿ ಗಳಿಸಿದ್ದು. ನಾ ಯಾಕ ಕುಂದ್ರಲಿ? ನಡಿ, ಜಲ್ದಿ ನಡಿ" ಎಂದರು. ಕೋಪವೋ ಏನೋ ಮುಖದಲ್ಲಿ ಗೊತ್ತಾಗಲಿಲ್ಲ.

ವಿಮಾನದ ಬಾಗಿಲಲ್ಲಿ ನಾನು ನಿಂತುಬಿಟ್ಟೆ, ಅವರು ಹಿಂದಕ್ಕೆ ನಡೆದುಹೋದರು. ಬಿಳಿ ಧೋತರ ಸೀಟುಗಳ ನಡುವೆ ದೂರವಾಗುತ್ತಿತ್ತು.

ನನ್ನ ಸೀಟು ಒಂದು ಸಣ್ಣ ಕೋಣೆಯಂತಿತ್ತು. ಬಿಸಿ ಬಟ್ಟೆ ಕೊಟ್ಟರು, ಮುಖ ಒರೆಸಿಕೊಂಡೆ. ಮೋಸಂಬಿ ರಸ ಕೊಟ್ಟರು, ಅದೂ ಗಾಜಿನ ಲೋಟದಲ್ಲಿ. ಬಟನ್ನುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಯಂತ್ರದವನಲ್ಲವೇ, ಸೀಟಿನ ಕೆಳಗೆ ಬಗ್ಗಿ ಮೋಟಾರು ಎಲ್ಲಿದೆ ಎಂದೂ ನೋಡಿದೆ. ಗಗನಸಖಿ ಏನಾದರೂ ಬಿದ್ದುಹೋಯಿತೇ ಎಂದು ಕೇಳಿದಳು. ಊಟವಾದ ಮೇಲೆ ಕಿಟಕಿಗಳನ್ನು ಮುಚ್ಚಿ ಕತ್ತಲು ಮಾಡಿದರು, ಹೊರಗೆ ಹಾಡುಹಗಲು. ಅವಳೇ ಬಂದು ಹಾಸಿಗೆ ಹಾಸಿದಳು. ಮಲಗಿದೆ. ಕಾಲು ಪೂರ್ತಿ ಚಾಚಿತು. ತಲೆದಿಂಬು ಮೆತ್ತಗಿತ್ತು.

ನಿದ್ದೆ ಮಾತ್ರ ಬರಲೊಲ್ಲದು. ಸಾಹುಕಾರರು ಹಿಂದೆ ಕೂತಿದ್ದಾರೆ, ಅವರ ಆಳಾಗಿದ್ದ ನಾನು ಇಲ್ಲಿ ಮಲಗಿದ್ದೇನೆ ಎಂಬುದು ಪಕ್ಕೆಲುಬಿಗೆ ಒತ್ತುತ್ತಿತ್ತು. ಎದ್ದು ಪರದೆ ಸರಿಸಿ ಹಿಂದೆ ಹೋದೆ. ಅವರು ನೆಟ್ಟಗೆ ಕೂತು, ಎದುರಿನ ಪರದೆಯಲ್ಲಿ ವಿಮಾನದ ಚಿತ್ರ ಸಮುದ್ರದ ಕಡೆಗೆ ತೆವಳುವುದನ್ನು ನೋಡುತ್ತಿದ್ದರು.

"ಯಾಕ ಬಂದೀ?"

"ಸುಮ್ನ ನೋಡ್ಕೊಂಡ ಹೋಗಾಕ ಬಂದ್ನಿರಿ."

"ತಾಸಿಗೊಮ್ಮೆ ನೋಡಾಕ ನಾನೇನು ಮಶೀನೇನ್ಲೇ? ಹೋಗಿ ಮಲ್ಕೋ."

ಹೋಗಿ ಮಲಗಿದೆ. ಮತ್ತೆ ಎದ್ದೆ. ಈ ಸಲ ನನಗೆ ಕೊಟ್ಟಿದ್ದ ಹುರಿದ ಗೋಡಂಬಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಕೊಟ್ಟೆ. ಒಂದನ್ನು ಬಾಯಿಗೆ ಹಾಕಿ, "ಉಪ್ಪು ಸ್ವಲ್ಪ ಹೆಚ್ಚಾಗೈತಿ" ಎಂದು ಉಳಿದದ್ದನ್ನೂ ಇಸಿದುಕೊಂಡರು.

ಮೂರನೆಯ ಸಲ ಹೋದಾಗ ನಲವತ್ತೊಂದನೇ ಸಾಲಿನಲ್ಲಿ ಅವರಿರಲಿಲ್ಲ. ಶೌಚಾಲಯದ ಮುಂದೆ ಕಾದೆ, ಅದರಿಂದ ಬೇರೆ ಯಾರೋ ಹೊರಬಂದರು. ಅಡುಗೆ ಸಾಮಾನು ಇಡುವ ಜಾಗದಲ್ಲಿ ನೋಡಿದೆ. ಹಾರುವ ವಿಮಾನದಲ್ಲಿ ಮನುಷ್ಯ ಎಲ್ಲಿಗೆ ಹೋಗಲು ಸಾಧ್ಯ? ಒಂದೊಂದೇ ಸಾಲು ಬಗ್ಗಿ ನೋಡುತ್ತ ಹಿಂದೆ ಹೋದಾಗ, ನಡುವಿನ ನಾಲ್ಕು ಸೀಟುಗಳ ಸಾಲೊಂದರಲ್ಲಿ ಎರಡು ಉಣ್ಣೆಯ ಕಾಲುಚೀಲ ಕಂಡವು. ಕೈ ಇಡುವ ಪಟ್ಟಿಗಳನ್ನು ಮೇಲೆತ್ತಿ, ಮೂರು ದಿಂಬು ತಲೆಗೆ ಹಾಕಿ, ಮುಖದ ಮೇಲೆ ರಗ್ಗು ಎಳೆದುಕೊಂಡು ಸಾಹುಕಾರರು ಉದ್ದಕ್ಕೆ ಮಲಗಿದ್ದರು. ಗೊರಕೆ ಎಂಜಿನ್ನಿನ ಸದ್ದಿನಲ್ಲೂ ಕೇಳುತ್ತಿತ್ತು.

ಅಲ್ಲೇ ನಿಂತು ನಕ್ಕೆ. ಪಕ್ಕದ ಸೀಟಿನ ಹೆಂಗಸೂ ನಕ್ಕಳು. ಮುಂದೆ ಹೋಗಿ ಮಲಗಿದೆ, ನಗು ಬಂದು ಆಗಲೂ ನಿದ್ದೆ ಹತ್ತಲಿಲ್ಲ. ನಾಲ್ಕು ವರ್ಷದ ಮೈಲು ಖರ್ಚು ಮಾಡಿ, ಒಂದು ರೆಪ್ಪೆ ಮುಚ್ಚದೆ ಬ್ರೆಜಿಲ್ ತಲುಪಿದೆ.

ಇಳಿದ ಮೇಲೆ ಅವರು ಮುಖ ತೊಳೆದು ತಾಜಾ ಆಗಿ ನಿಂತಿದ್ದರು. "ನಿದ್ದಿ ಆತೇನು?"

"ಇಲ್ರಿ."

"ನಂಗ ಮಸ್ತ್ ಆತು. ಹಿಂದ ನಾಕು ಸೀಟು ಖಾಲಿ ಇದ್ವು. ಆ ಹುಡುಗಿಗೆ ಕೈ ಮಾಡಿ ಕೇಳಿದ್ನಿ, ಹೂಂ ಅಂದ್ಲು. ಅದಕ್ಕ ಎಷ್ಟು ಮೈಲು ಹಿಡಿತಾರಲೇ?"

"ಏನೂ ಹಿಡಿಯಂಗಿಲ್ರಿ."

"ಹಂಗಾರ ನೀ ಯಾಕ ಕೊಟ್ಟಿ?" ಎಂದು ಅವರು ನಿಜವಾಗಿಯೂ ತಿಳಿಯದೆ ಕೇಳಿದರು.

ಹತ್ತು ದಿನ ಅಲ್ಲಿದ್ದೆವು. ಆ ಮಿಲ್ಲಿನ ಯಜಮಾನನೂ ವಯಸ್ಸಾದವನೇ, ಹುಲ್ಲಿನ ಟೊಪ್ಪಿಗೆ ಹಾಕಿದ ಕೆಂಪು ಮುಖದ ಮನುಷ್ಯ. ಯಂತ್ರದಿಂದ ಮೊದಲ ಅಕ್ಕಿ ಬಿದ್ದಾಗ ಅವನು ಒಂದು ಹಿಡಿ ತೆಗೆದು ಮೂಸಿ, ಎರಡು ಕಾಳು ಹಲ್ಲಿನಲ್ಲಿ ಕಡಿದು ನೋಡಿದ. ಸಾಹುಕಾರರು ಪಕ್ಕದಲ್ಲಿ ನಿಂತು ಅದನ್ನೇ ಮಾಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಆಮೇಲೆ ಅವರಿಗೆ ಭಾಷೆ ಬೇಕಾಗಲಿಲ್ಲ. ಆತ ಎಲ್ಲಿ ಹತ್ತಿದರೆ ಇವರೂ ಅಲ್ಲಿ ಹತ್ತಿದರು. ಭತ್ತ ಒಣಗಿಸುವ ಗೋಪುರದ ತುದಿಯವರೆಗೆ ಕಬ್ಬಿಣದ ಮೆಟ್ಟಿಲು, ನಾನು ಬ್ಯಾಡ್ರಿ ಎಂದರೂ ಕೇಳಲಿಲ್ಲ. ಮರುದಿನ ಬಲ ಮೊಣಕಾಲು ಊದಿತ್ತು. ಕೇಳಿದರೆ "ಏನಿಲ್ಲ" ಎಂದರು. ಆದರೆ ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದು ಒಂದು ಗಳಿಗೆ ನಿಲ್ಲುವುದನ್ನು ನಾನು ನೋಡುತ್ತಿದ್ದೆ.

ವಾಪಸು ಬರುವ ವಿಮಾನ ಪೂರ್ತಿ ತುಂಬಿದೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ನಾಲ್ಕು ಖಾಲಿ ಸೀಟಿನ ಆಸೆ ಇರಲಿಲ್ಲ. ಇವರನ್ನು ಆ ಕಾಲಿನಲ್ಲಿ ಹದಿನೈದು ತಾಸು ಕೂರಿಸುವುದು ಹೇಗೆ? ಮುಂದೆ ಒಂದೇ ಒಂದು ಸೀಟು ಖಾಲಿ ಇದೆಯಂತೆ. ನನ್ನ ಮೈಲನ್ನು ಇನ್ನೊಬ್ಬರ ಟಿಕೆಟ್ಟಿಗೆ ಕೊಡಬಹುದು, ಮೊದಲೇ ಹೇಳಬೇಕು ಅಷ್ಟೆ. ಬಂದ ವಿಮಾನದ ಮೈಲು ಆಗಲೇ ಜಮಾ ಆಗಿತ್ತು, ಆದರೂ ಸ್ವಲ್ಪ ಸಾಲದು.

"ಅಪ್ಪಾ, ಕಾರ್ಡಿನ ಪಾಯಿಂಟ್ ಮೈಲು ಮಾಡಿದ್ರ ಸರಿ ಹೋಕ್ಕೈತಿ. ಆದ್ರ ಅವು ಅವ್ವನ ಮಿಕ್ಸರಿಗೆ ಇಟ್ಟಿದ್ದು" ಎಂದಳು.

ಕ್ರೆಡಿಟ್ ಕಾರ್ಡಿನಲ್ಲಿ ಕೂಡಿದ ಆ ಪಾಯಿಂಟ್ ಕೊಟ್ಟರೆ ಒಂದು ಮಿಕ್ಸರ್ ಬರುತ್ತದೆಂದು ನನ್ನ ಹೆಂಡತಿ ಒಂದು ವರ್ಷದಿಂದ ಅದರ ಚಿತ್ರ ನೋಡುತ್ತಿದ್ದಳು. ಅವಳ ಕೈಗೆ ಫೋನು ಕೊಡಿಸಿ, ವಿಷಯ ಹೇಳಿದೆ.

"ಅವರಿಗೆ ಕಾಲು ಭಾಳ ಬಾತೈತೇನ್ರಿ?"

"ಹೂಂ. ಹೇಳವಲ್ರು."

"ಹಂಗಾರ ಕೊಡ್ರಿ. ಮಿಕ್ಸರ್ ಇಲ್ಲಂದ್ರ ಚಟ್ನಿ ಏನು ನಿಲ್ಲಂಗಿಲ್ಲ. ಒಳಕಲ್ಲು ಐತಿ, ನೀವು ಬಂದು ರುಬ್ರಿ."

ಸಾಹುಕಾರರಿಗೆ ನಿಜ ಹೇಳಿದರೆ ಒಪ್ಪುವುದಿಲ್ಲ. ವಿಮಾನ ಕಂಪನಿಯವರು ಹಿರಿಯರೆಂದು ತಾವಾಗಿಯೇ ಕೊಟ್ಟಿದ್ದಾರೆ ಎಂದೆ. ಸಂಶಯದಿಂದ ಚೀಟಿ ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಮುಂದಕ್ಕೆ ಹೋದರು. ನಾನು ಹಿಂದೆ ಇಬ್ಬರು ದಪ್ಪನೆಯ ಗಂಡಸರ ನಡುವೆ ಕೂತು, ಊಟ ಬರುವ ಮೊದಲೇ ನಿದ್ದೆ ಹೋದೆ. ಹತ್ತು ದಿನದ ದಣಿವು.

ಯಾರೋ ಭುಜ ಮುಟ್ಟಿ ಎಬ್ಬಿಸಿದರು. ಗಗನಸಖಿ. "ನಿಮ್ಮ ತಂದೆ ನಿಮ್ಮನ್ನು ಕರೆಯುತ್ತಿದ್ದಾರೆ" ಎಂದಳು ಇಂಗ್ಲಿಷಿನಲ್ಲಿ. ಹೋದೆ. ಪರದೆಯ ಹತ್ತಿರ ಸಾಹುಕಾರರು ನಿಂತಿದ್ದರು. ಹಣೆಯಲ್ಲಿ ಹೊಸ ವಿಭೂತಿ ಇತ್ತು.

"ಪೂಜಿ ಮಾಡ್ಕೊಂಡ್ನಿ. ಅಲ್ಲಿ ಜಾಗ ಚೊಲೋ ಐತಿ" ಎಂದರು. ಆಮೇಲೆ ದನಿ ತಗ್ಗಿಸಿ, "ಆ ಹುಡುಗಿ ನಂಗ ಏನೋ ಮೈಲ್ಸ್ ಮೈಲ್ಸ್ ಅಂದ್ಲು. ನಂಗ ಎಲ್ಲಿಂದ ಬರ್ಬೇಕಲೇ ಮೈಲು? ಯಾರವು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನ್ನವ್ರಿ. ಸ್ವಲ್ಪ ನಮ್ಮ ಮನಿಯಾಕಿವು."

ಅವರು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ, "ಮಿಲ್ಲಿನಾಗ ನನ್ನ ಆಫೀಸಿಗೆ ಎಷ್ಟು ಸಲ ಬಂದಿ ನೀನು. ಒಮ್ಮೀನೂ ಕುಂತದ್ದು ನೆನಪಿಲ್ಲ" ಎಂದರು.

"ನೀವು ಕುಂದ್ರು ಅಂದಿರಲಿಲ್ರಿ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ನಿದ್ದೆಗಣ್ಣಿನಲ್ಲಿದ್ದೆ. ಬಂದ ಮೇಲೆ ಹೆದರಿದೆ. ಸಾಹುಕಾರರು ನನ್ನನ್ನು ನೋಡಿದರು, ನಂತರ ತಮ್ಮ ಕಾಲಿನ ಕಡೆ ನೋಡಿದರು.

"ಹೌದು. ಅಂದಿರಲಿಲ್ಲ" ಎಂದರು.

ಗಗನಸಖಿ ಕಾಗದದ ಲೋಟಗಳಲ್ಲಿ ಚಹಾ ತಂದಳು. ಇಬ್ಬರೂ ನಿಂತೇ ಕುಡಿದೆವು. "ಮೊಣಕಾಲು ಭಾಳ ನೋಯ್ತಿತ್ತು. ಈಗ ಹಗುರಾಗೈತಿ" ಎಂದು ಮೊದಲ ಸಲ ಒಪ್ಪಿಕೊಂಡರು. ಆಮೇಲೆ ಯಂತ್ರದ ಮಾತು ಬಂತು. ಅದನ್ನು ಮಿಲ್ಲಿನ ಯಾವ ಮೂಲೆಯಲ್ಲಿ ಕೂರಿಸಬೇಕು, ಧೂಳು ಹೊಡೆಯದಂತೆ ಗೋಡೆ ಎಲ್ಲಿ ಎತ್ತಬೇಕು ಎಂದು ನಾನು ಹೇಳುತ್ತ ಹೋದೆ, ಅವರು ಅಡ್ಡ ಮಾತಾಡದೆ ಕೇಳುತ್ತ ಹೋದರು. ಅವರಿಗೆ ಯಾರಾದರೂ ಇಷ್ಟು ಹೊತ್ತು ಹೇಳಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಗಗನಸಖಿಯೇ ವಿಮಾನ ಅಲುಗಾಡುತ್ತಿದೆ, ಸೀಟಿಗೆ ಹೋಗಿ ಎಂದು ಇಬ್ಬರನ್ನೂ ಎರಡು ದಿಕ್ಕಿಗೆ ಕಳಿಸಿದಳು.

ಊರಿಗೆ ಬಂದ ಎರಡು ತಿಂಗಳಿಗೆ ಕಂಪ್ಲಿಯಲ್ಲಿ ಯಂತ್ರ ಕೂತಿತು, ನಾನು ಹೇಳಿದ ಮೂಲೆಯಲ್ಲೇ. ಮೊದಲ ದಿನದ ಅಕ್ಕಿಯ ಒಂದು ಚೀಲವನ್ನು ನಮ್ಮ ಮನೆಗೆ ಕಳಿಸಿದರು, ಹೆಂಡತಿಯ ಹೆಸರು ಹೇಳಿ. ಅವಳು ಆ ಅಕ್ಕಿಯನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ, ಒಂದೂ ಕರಿಕಾಳಿಲ್ಲ ನೋಡ್ರಿ, ನಮ್ಮ ಮನೆಯವರ ಕೈ ಎಂದಳು. ನಾನು ಕೇಳದವನ ಹಾಗೆ ಕೂತಿದ್ದೆ.

ಇತ್ತೀಚೆಗೆ ಒಂದು ದಿನ ಸಾಹುಕಾರರು ಹೊಸಪೇಟೆಗೆ ಬಂದವರು ಮಲಪನಗುಡಿಯ ನಮ್ಮ ಮನೆಗೂ ಬಂದರು. ಜೊತೆಗೆ ಅವರ ಮನೆಯವರು, ನಾವು ಅಮ್ಮಾರು ಎನ್ನುವವರು, ಕಾರಿನಿಂದ ಇಳಿದರು. ಚಹಾ ಕುಡಿದ ಮೇಲೆ ಸಾಹುಕಾರರು ಜೇಬಿನಿಂದ ಫೋನು ತೆಗೆದು ನನ್ನ ಮಗಳ ಮುಂದೆ ಹಿಡಿದರು.

"ತಂಗೀ, ನಂದೂ ಒಂದು ಮೈಲಿನ ಖಾತೆ ತೆಗಿ. ಇಕಿದೂ ಒಂದು. ಇನ್ನ ಮ್ಯಾಲ ಎಲ್ಲಿ ಹೋದ್ರೂ ಲೆಕ್ಕ ಹಿಡಿಯೋದ."

ಮಗಳು ಹೆಸರು, ಹುಟ್ಟಿದ ದಿನ ಎಲ್ಲ ಕೇಳಿ ತುಂಬಿದಳು. ಅಮ್ಮಾರಿಗೆ ಹುಟ್ಟಿದ ದಿನ ಗೊತ್ತಿರಲಿಲ್ಲ, ಆಧಾರ್ ಕಾರ್ಡಿನಲ್ಲಿದ್ದದ್ದನ್ನೇ ಹಾಕಿದೆವು. ಇಬ್ಬರಿಗೂ ಒಂದೊಂದು ನಂಬರು ಬಂತು. ಸಾಹುಕಾರರು ಅದನ್ನು ಒಂದು ಚೀಟಿಯ ಮೇಲೆ ಬರೆಸಿಕೊಂಡು ಕೇಳಿದರು:

"ಇಕಿಗೆ ಕಾಶಿ ನೋಡಬೇಕಂತ ಐತಿ. ಕಾಶಿಗೆ ಹೋಗಿ ಬಂದ್ರ ಎಷ್ಟು ಮೈಲು ಬೀಳ್ತಾವ?"

ಮಗಳು ಲೆಕ್ಕ ಹಾಕಿ ಹೇಳಿದಳು. "ಭಾಳ ಕಡಿಮಿರಿ ಅಜ್ಜಾರ. ಅದು ಹತ್ರ ಆತು."

ಸಾಹುಕಾರರು ಅಮ್ಮಾರ ಕಡೆ ಒಮ್ಮೆ ನೋಡಿ, ಮಗಳ ಕಡೆ ತಿರುಗಿ ಹೇಳಿದರು: "ಹಂಗಾರ ಅದಕ್ಕಿಂತ ದೂರ ಯಾವ ದೇವರು ಅದಾನ, ನೋಡವಾ."